ಇಪ್ಪತ್ತೇಳನೇ ಮನೆಯ ಮೂರನೆಯವನು

ಕಳೆದ ಮಂಗಳವಾರ ಮಧ್ಯಾಹ್ನ ನನ್ನ ಅಣ್ಣ ಮನೆಗೆ ಬಂದ. ಹನ್ನೆರಡು ವರ್ಷಗಳ ಮೇಲೆ!

ಹೇಳಿದ್ದು ಯಾರು? ಕಂಪ್ಯೂಟರ್.

ನಗಬೇಡಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಮೂಡುಬಿದಿರೆಯ ನಮ್ಮ ಕಾಲೇಜಿಗೆ ಈ ವರ್ಷ ಕಂಪ್ಯೂಟರ್ ಬಂದಿದೆ. ಒಂದೇ ಒಂದು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ. ಚಪ್ಪಲಿ ಹೊರಗೇ ಬಿಡಬೇಕು. (ಕ್ಲಾಸಿಗೆ ಕೆಸರು ಕಾಲಲ್ಲೇ ಬರುವವರೂ ಅಲ್ಲಿ ಕಾಲು ಒರೆಸಿಕೊಂಡು ಒಳಗೆ ಹೋಗುತ್ತಾರೆ.) ಸ್ಟಾಟಿಸ್ಟಿಕ್ಸ್ ಪಾಠ ಮಾಡುವ ನನಗೂ ಸಹೋದ್ಯೋಗಿ ವಾಸುದೇವ ಭಟ್ಟರಿಗೂ ಅದರ ಉಸ್ತುವಾರಿ. ಸುಮ್ಮನೆ ಇಟ್ಟು ಪೂಜೆ ಮಾಡುವುದೇಕೆ ಎಂದು ನಾವೊಂದು ಸರ್ವೆಗೆ ಇಳಿದೆವು. ಊರಿನ ಮನೆಗಳಲ್ಲಿ ಯಾರಿದ್ದಾರೆ, ಯಾರು ಬೊಂಬಾಯಿಗೆ ಹೋಗಿದ್ದಾರೆ, ಯಾರು ಗಲ್ಫಿಗೆ? ನನ್ನ ಪಾಲಿಗೆ ಬಂದದ್ದು ಸಿದ್ಧಕಟ್ಟೆ. ನನ್ನದೇ ಊರು. ಪಟ್ಟಿಯ ಇಪ್ಪತ್ತೇಳನೇ ಮನೆ ನಮ್ಮದೇ.

ಅಮ್ಮನನ್ನೂ ನಿಯಮದ ಪ್ರಕಾರವೇ ಕೇಳಿದೆ. ಮನೆಯವರು ಎಷ್ಟು ಜನ?

"ಮೂರು."

ಕೇಳಿದ ಮನೆಗಳಲ್ಲೆಲ್ಲ ಇದೇ ಕಥೆ. ದುಬೈಯಲ್ಲಿರುವ ಗಂಡನನ್ನೂ ಸೇರಿಸಿಯೇ ಎಣಿಸುತ್ತಾರೆ. ನಮ್ಮಲ್ಲಿ ಮನೆಯವರು ಎಂದರೆ ಮನೆಯಲ್ಲಿರುವವರು ಎಂದಲ್ಲ. ಅಪ್ಪ ತೀರಿಹೋಗಿದ್ದಾರೆ. ನಮ್ಮ ಮನೆಯಲ್ಲಿರುವುದು ಅಮ್ಮ ಮತ್ತು ನಾನು. ಮೂರನೆಯವನು ಸದಾಶಿವಣ್ಣ. ಬೊಂಬಾಯಿಯಲ್ಲಿ ಹೋಟೆಲ್ ಕೆಲಸ ಎಂದು ಹೋದವನು. ಮೊದಲ ವರ್ಷ ನಾಲ್ಕು ಕಾಗದ ಬಂತು. ಆಮೇಲೆ ಇಲ್ಲ. ಹುಡುಕಲು ಹೋದ ಮಾವನಿಗೆ ಆ ಹೋಟೆಲೇ ಸಿಗಲಿಲ್ಲ.

"ಅವನು ಈಗ ಎಲ್ಲಿದ್ದಾನೆ ಅಂತ ಬರೆಯುವುದಮ್ಮ?"

"ಅದನ್ನು ಖಾಲಿ ಬಿಡು."

"ಮದುವೆ?"

"ನನಗೆ ಹೇಳದೆ ಮದುವೆ ಆಗ್ತಾನಾ ಅವನು? ಆಗಲಿಲ್ಲ ಅಂತ ಬರಿ!"

ಬರೆದೆ. ನನ್ನ ಅಮ್ಮನ ಜೊತೆ ವಾದ ಮಾಡಿ ಗೆದ್ದವರು ಊರಲ್ಲಿಲ್ಲ.

ಅದೇ ವಾರದ ಭಾನುವಾರ ಪುಂಜಾಲಕಟ್ಟೆಯಿಂದ ಮಾವ ಬಂದರು. ಅಮ್ಮನ ತಮ್ಮ. ತೀರಿಹೋದ ಹಿರಿಯರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವುದು ನಿಮಗೆ ಗೊತ್ತಲ್ಲ? ಆ ದಿನ ಹತ್ತಿರ ಬಂದಿತ್ತು. ಮಾವ ವೀಳ್ಯ ಬಾಯಿಗೆ ಹಾಕಿ ನಿಧಾನವಾಗಿ ಶುರು ಮಾಡಿದರು.

"ಅಕ್ಕಾ, ಹನ್ನೆರಡು ವರ್ಷ ಆಯ್ತು. ಶಾಸ್ತ್ರ ಅಂತ ಒಂದು ಉಂಟಲ್ಲ. ಈ ಸಲ ಭಾವನ ಎಲೆಯ ಹತ್ತಿರ ಅವನಿಗೂ ಒಂದು ಎಲೆ ಹಾಕುವ."

ಅಮ್ಮ ಎದ್ದು ಹೋದರು. ಹಿತ್ತಲಿನಲ್ಲಿ ಕೊಡಪಾನಗಳ ದಡಬಡ ಸದ್ದು. ಮಾವ ನನ್ನ ಕಡೆ ತಿರುಗಿದರು.

"ನೀನು ಕಲಿತವಳು. ನೀನೇ ಹೇಳು ಮಾರಾಯ್ತಿ. ಪಾಪ, ಅವನ ಜೀವಕ್ಕಾದ್ರೂ ಒಂದು ದಾರಿ ಆಗ್ಲಿ."

ಹೇಳುತ್ತೇನೆ ಎಂದೆ. ಹೌದು, ಒಪ್ಪಿಕೊಂಡುಬಿಟ್ಟೆ! ಬಸ್ಸು ನಿಂತ ಸದ್ದಾದಾಗಲೆಲ್ಲ ಅಂಗಳಕ್ಕೆ ಇಣುಕುವುದು ಅಮ್ಮ ಮಾತ್ರವೇ? ಹನ್ನೆರಡು ವರ್ಷ ನಾನೂ ಇಣುಕಿದ್ದೇನೆ. ಅಣ್ಣ ಬೇಕು ಬೇಕು ಎಂದು ಬಯಸಿ ಬಯಸಿ ಸಾಕಾಗಿತ್ತು.

ಮಂಗಳವಾರ ಸರ್ವೆಯ ಫೈಲನ್ನು ಕಂಪ್ಯೂಟರಿಗೆ ಉಣಿಸಿದೆವು. ಲೆಕ್ಕ ಹಾಕಿಕೊಡುವ ಪ್ರೋಗ್ರಾಂ ಒಂದು ಫ್ಲಾಪಿಯಲ್ಲಿ, ನಮ್ಮ ಊರು ಇನ್ನೊಂದರಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಉತ್ತರಗಳೆಲ್ಲ ಅಂಕಿಗಳಲ್ಲಿ, ಎರಡು ಉತ್ತರಗಳ ನಡುವೆ ಒಂದು ಕಾಮಾ. 'ಎಲ್ಲಿದ್ದಾರೆ' ಎಂಬುದಕ್ಕೆ ಮನೆಯಲ್ಲಿದ್ದರೆ 1, ಬೊಂಬಾಯಿಯಾದರೆ 2, ಗಲ್ಫಾದರೆ 3. ಅದರ ಪಕ್ಕದಲ್ಲೇ ಮದುವೆ: ಆಗದವರಿಗೆ 1, ಆದವರಿಗೆ 2. ಪ್ರಿಂಟರ್ ಕರ್ ಕರ್ ಎಂದು ಕಾಗದ ಉಗುಳಿತು. ಇಪ್ಪತ್ತೇಳನೇ ಮನೆ. ಮನೆಯಲ್ಲಿರುವವರು: ಮೂರು.

ಮೂರು?

ಸತ್ಯ ಹೇಳುತ್ತೇನೆ, ಬಸ್ಸು ಹಿಡಿದು ಓಡಿಬಿಡೋಣ ಅನ್ನಿಸಿತು. ಅರ್ಧ ನಿಮಿಷ, ಬರೀ ಅರ್ಧ ನಿಮಿಷ, ಅಣ್ಣ ಚಾವಡಿಯಲ್ಲಿ ಕುಳಿತು ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಸ್ಟಾಟಿಸ್ಟಿಕ್ಸ್ ಕಲಿತವಳ ಬುದ್ಧಿ ನೋಡಿ!

ಭಟ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಂಥದ್ದೂ ಇಲ್ಲ ಮೇಡಂ. ಇವರಿಗೆ ಎಲ್ಲಿದ್ದಾರೆ ಅಂತ ಬರೆಯದೆ ಖಾಲಿ ಬಿಟ್ಟದ್ದು. ಎರಡು ಕಾಮಾ ಒಟ್ಟಿಗೆ ಬಂತಲ್ಲ? ಈ ಪ್ರೋಗ್ರಾಮಿಗೆ ಖಾಲಿ ಜಾಗ ಅಂದ್ರೆ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಅಂತ ತಿಳ್ಕೊಂಡು ಮುಂದಿನ ಅಂಕಿಯನ್ನು ಹಿಂದಕ್ಕೆ ಎಳೀತದೆ."

ಎಳೆದದ್ದು ಯಾವುದನ್ನು? ಮದುವೆಯ 1. ಅಮ್ಮ ಜಗಳ ಮಾಡಿ ಬರೆಸಿದ ಅದೇ 1 ಅಣ್ಣನನ್ನು ಮನೆಗೆ ಕರೆತಂದಿತ್ತು.

"ಆ ಸಾಲೇ ತೆಗೆದುಬಿಡುವ," ಎಂದರು ಭಟ್ಟರು. "ಒಬ್ಬರು ಹೋದ್ರೆ ಎಂಥ ಆಗ್ತದೆ?"

"ತೆಗೆಯುವುದಿಲ್ಲ!"

ನನ್ನ ದನಿಗೆ ನಾನೇ ಬೆಚ್ಚಿದೆ. ಪಾಪ, ಭಟ್ಟರಿಗೆ ವಿಷಯ ಗೊತ್ತಿರಲಿಲ್ಲ. ಹೇಳಿದೆ. ಅವರು ಕೀಬೋರ್ಡನ್ನು ನನ್ನ ಕಡೆ ಸರಿಸಿ, "ಹಾಗಾದ್ರೆ 9 ಹಾಕಿ ಮೇಡಂ. ಗೊತ್ತಿಲ್ಲ ಎಂಬುದಕ್ಕೆ 9," ಎಂದರು. ಹಾಕಿದೆ. ಮತ್ತೆ ಓಡಿಸಿದೆವು. ಮನೆಯಲ್ಲಿರುವವರು: ಎರಡು. ಸರಿಯಾದ ಉತ್ತರ ನೋಡಿ ಅತ್ತದ್ದು ನನ್ನ ಸರ್ವಿಸಿನಲ್ಲೇ ಮೊದಲು.

ಸಂಜೆ ಬಸ್ಸಿನಲ್ಲಿ ಮಾವನಿಗೆ ಕೊಟ್ಟ ಮಾತೇ ತಲೆಯಲ್ಲಿತ್ತು. ಎಲೆಯ ವಿಷಯ ಹೇಗೆ ಎತ್ತುವುದು? ತಮಾಷೆಯಿಂದ ಶುರು ಮಾಡಿದರೆ ಸುಲಭ ಎಂದುಕೊಂಡೆ. (ಎಂಥ ಜಾಣೆ!) ಅಮ್ಮ ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಿದ್ದರು. ಪಕ್ಕದಲ್ಲಿ ಕುಳಿತು ಎಲ್ಲ ಹೇಳಿದೆ. ಖಾಲಿ ಬಿಟ್ಟ ಜಾಗ, ಮದುವೆಯ 1, ಮೂರು ಜನ, ಆಮೇಲೆ ನಾನು ಹಾಕಿದ 9, ಎರಡು ಜನ.

ಅಮ್ಮ ನಗಲಿಲ್ಲ. ಕೈಯಲ್ಲಿದ್ದ ಎಲೆ ಕೆಳಗಿಟ್ಟರು.

"ಕಂಪ್ಯೂಟರ್ ಹೇಳಿತಾ, ಮನೆಯಲ್ಲಿದ್ದಾನೆ ಅಂತ?"

"ಹೇಳಿತು. ತಪ್ಪು ಹೇಳಿತು ಅಮ್ಮ."

ಅವರು ನನ್ನ ಮುಖವನ್ನೇ ನೋಡಿದರು. ಮಾವನ ಮಾತು ನನ್ನ ಬಾಯಲ್ಲೇ ಉಳಿಯಿತು. ಈ ಆಟಿಗೂ ನಮ್ಮ ಮನೆಯಲ್ಲಿ ಎಲೆ ಒಂದೇ, ಅಪ್ಪನದು.

"ಅಷ್ಟು ದೊಡ್ಡ ಮೆಷಿನ್ ಅವನನ್ನು ಮನೆಗೆ ಸೇರಿಸಿತ್ತಲ್ಲ," ಎಂದರು ಅಮ್ಮ. "ಒಡಹುಟ್ಟಿದವಳು ನೀನು, ನೀನು ಯಾಕೆ ತೆಗೆದದ್ದು?"