ಅಡ್ಡಿಲ್ಲೆಯ ದೇಶದವರು

ಹುಳಿಗೆ ಒಗ್ಗರಣೆ ಬಿದ್ದು, ಇಂಗಿನ ಘಮ ನಡುಮನೆಯವರೆಗೆ ನಡೆದುಹೋಗಿ, ಪೇಪರಿನ ಹಿಂದೆ ಅಡಗಿರುವ ಯಜಮಾನರ ಮೂಗನ್ನು ಮುಟ್ಟಿದ ಮೇಲೂ, ಆ ಮೂಗಿನ ಕೆಳಗಿರುವ ಬಾಯಿಯಿಂದ ಒಂದು ಒಳ್ಳೆಯ ಮಾತು ಹೊರಡಬೇಕಾದರೆ ಹೆಂಡತಿಯಾದವಳು ಎಂಥ ತಪಸ್ಸು ಮಾಡಬೇಕು ಎಂಬುದು, ಕುಂದಾಪುರದ ಕಡೆಯವರ ಕೈಹಿಡಿದವರಿಗೆ ಮಾತ್ರ ಗೊತ್ತು. ನಾನು ಮೈಸೂರಿನವಳು. ನಮ್ಮ ಕಡೆ ಬರೀ ನೀರು ಕೊಟ್ಟರೂ 'ಆಹಾ, ಎಷ್ಟು ತಣ್ಣಗಿದೆ' ಎಂದು ಹೊಗಳಿಯೇ ಕುಡಿಯುತ್ತಾರೆ. ಒಳಗೊಳಗೆ ಏನಂದುಕೊಂಡರೋ ಅದು ಅವರಿಗೂ ದೇವರಿಗೂ ಬಿಟ್ಟದ್ದು. ನಮ್ಮ ಮನೆಯವರು ಹಾಗಲ್ಲ. ಊಟ ಮುಗಿಸಿ, ಕೈತೊಳೆದು, ಟವೆಲಿಗೆ ಒರೆಸಿಕೊಂಡು, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು 'ಹೇಗಿತ್ತು?' ಎಂದು ನಾಚಿಕೆ ಬಿಟ್ಟು ಕೇಳಿದ ಮೇಲೆ ಒಂದೇ ಒಂದು ಪದ ಉದುರಿಸುತ್ತಾರೆ: "ಅಡ್ಡಿಲ್ಲೆ."

ಅಡ್ಡಿ ಇಲ್ಲ. ಅಂದರೆ, ಸದರಿ ಹುಳಿಯು ಗಂಟಲಿನಿಂದ ಹೊಟ್ಟೆಗೆ ಇಳಿಯುವ ಮಾರ್ಗದಲ್ಲಿ ಯಾವುದೇ ಅಡಚಣೆ ಉಂಟಾಗಿರುವುದಿಲ್ಲ. ನಾನು ಚೆನ್ನೈಗೆ ಬಂದಾಗಿನಿಂದ ವಿಮಾ ಕಚೇರಿಯಲ್ಲಿ ಕೆಲಸ ಮಾಡಿದವಳು. ಆಕ್ಷೇಪಣೆ ಇಲ್ಲ ಎಂಬ ಷರಾವನ್ನು ಎಷ್ಟೋ ಫೈಲುಗಳ ಮೇಲೆ ಕಂಡಿದ್ದೇನೆ, ಹುಳಿಯ ಮೇಲೆ ಕಂಡದ್ದು ಮಾತ್ರ ಮದುವೆಯಾದ ಮೇಲೆ. ಮೊದಲ ಸಲ ಅತ್ತೇಬಿಟ್ಟಿದ್ದೆ. ಆಗ ನಮ್ಮ ಅತ್ತೆಯವರು ತಲೆ ಸವರಿ, ಅಳಬೇಡ ಮಗಾ, ನಮ್ಮ ಕಡೆ ಅದಕ್ಕಿಂತ ಮೇಲೆ ಮಾತೇ ಇಲ್ಲ ಎಂದು ಸಮಾಧಾನ ಮಾಡಿದರು. ಹೊಗಳಿದರೆ ದೃಷ್ಟಿ ಆಗುತ್ತದಂತೆ. ಇಡೀ ಊರಿಗೆ ಊರೇ ದೃಷ್ಟಿಗೆ ಹೆದರಿ ಹೊಗಳಿಕೆಗೆ ಬೀಗ ಹಾಕಿಕೊಂಡು ಕೂತಿದೆ ಎಂದು ಅವತ್ತು ತಿಳಿಯಿತು. ತಿಳಿದರೇನು, ಸಮಾಧಾನವೇನೂ ಆಗಲಿಲ್ಲ.

ನನ್ನದಿರಲಿ, ನಾನು ಗಟ್ಟಿಗಿತ್ತಿ. ನಮ್ಮ ಮಗಳು ಸಿಂಧುವಿನ ಕಥೆ ಕೇಳಿ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ ಚೆನ್ನೈಯಲ್ಲೇ. ಈಗ ಶೋಳಿಂಗನಲ್ಲೂರಿನ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಹೀಗೇ ನಮ್ಮ ಸಂಸಾರದ ವ್ಯವಹಾರ. 'ಮನೆಯಲ್ಲಾದ್ರೂ ಕನ್ನಡ ಮಾತಾಡು' ಎಂದು ಅಪ್ಪ ದಿನಾ ಗೊಣಗುತ್ತಾರೆ. ಮಾತಾಡಿದರೂ ಅವಳಿಗೆ ಅಪ್ಪನಿಂದ ಸಿಕ್ಕ ಕನ್ನಡವಾದರೂ ಎಷ್ಟು? ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಾಗ ಅಡ್ಡಿಲ್ಲೆ. ಮೊದಲ ಸಂಬಳದಲ್ಲಿ ಅಪ್ಪನಿಗೆ ರೇಷ್ಮೆ ಪಂಚೆ ತಂದಾಗ, ಅದನ್ನು ಎರಡು ಸಲ ಸವರಿ ನೋಡಿ, ಅಡ್ಡಿಲ್ಲೆ. ಚಿಕ್ಕವಳಿದ್ದಾಗ ಅದನ್ನು ಹೇಳಿಕೊಂಡು ನಗುತ್ತಿದ್ದಳು. ಬರಬರುತ್ತಾ ನಗುವುದು ನಿಂತಿತು.

ಹೀಗಿರುವಾಗ ಎಳಿಲನ್ ಬಂದ. ಪೆರಂಬೂರಿನ ಹುಡುಗ, ರೈಲ್ವೆ ಬೋಗಿ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು, ಸಿಂಧುವಿಗೆ ಬಹಳ ದಿನದಿಂದ ಬೇಕಾದವನು. ಅವನ ಹೆಸರಿನ ನಡುವೆ ಇರುವುದು ನಮ್ಮ ಹಳಗನ್ನಡದವರು ದಾರಿಯಲ್ಲೆಲ್ಲೋ ಬೀಳಿಸಿಕೊಂಡು ಬಂದ 'ೞ' ಅಕ್ಷರ. ತಮಿಳರು ಅದನ್ನು ಎತ್ತಿಟ್ಟುಕೊಂಡು ಇವತ್ತಿಗೂ ನಾಲಿಗೆ ಮಡಚಿ ಉಚ್ಚರಿಸುತ್ತಾರೆ, ನನ್ನ ಬಾಯಲ್ಲಿ ಬರೀ 'ಳ' ಆಗುತ್ತದೆ. ಹುಡುಗನನ್ನು ಅಪ್ಪನಿಗೆ ತೋರಿಸುವ ಮುಂಚೆ ಸಿಂಧು ನನ್ನನ್ನು ಬಾಲ್ಕನಿಗೆ ಕರೆದು ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಅಮ್ಮಾ, ಈ ಸಲ ಅಡ್ಡಿಲ್ಲೆ ಅಂದರೆ ನನಗೆ ಸಾಲದು. ಇಷ್ಟ ಇದ್ದರೆ ಇಷ್ಟ ಅನ್ನಲಿ, ಇಲ್ಲದಿದ್ದರೆ ಇಲ್ಲ ಅನ್ನಲಿ. ಅವರು ಬಾಯಿಬಿಟ್ಟು ಹೇಳದೆ ನಾನು ಈ ಮದುವೆ ಆಗುವುದಿಲ್ಲ. ಹಟದಲ್ಲಿ ಥೇಟ್ ಅಪ್ಪ. ಅವಳು ಆಡಿದ್ದನ್ನು ಮಾಡುವವಳು.

ಹುಡುಗನಿಗೂ ನಮ್ಮೆದುರು ಸೋಫಾದ ಮೇಲೆ ಕೈಕಟ್ಟಿ ಕೂರಲು ಭಯ. ಅದಕ್ಕೆ ಅವನೊಂದು ಉಪಾಯ ಹೂಡಿದ. ಅವನು ಸದಸ್ಯನಾಗಿರುವ ಫಿಲ್ಮ್ ಸೊಸೈಟಿಯಲ್ಲಿ ಒಂದು ವಿದೇಶಿ ಹಾಸ್ಯಚಿತ್ರ ಇದೆ, ಎಲ್ಲರೂ ಒಟ್ಟಿಗೆ ನೋಡೋಣ, ಆಮೇಲೆ ಮಾತು. ರಷ್ಯದ ರೈಲು ಬೋಗಿಯೊಂದು ಮಂಜಿನಲ್ಲಿ ಕಳಚಿಕೊಂಡು ಬೆಳಗಾಗುವಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ನಿಂತಿರುತ್ತದೆ, ಅದೇ ಕಥೆ ಎಂದು ನಾನು ನಮ್ಮವರಿಗೆ ವಿವರಿಸಿದೆ. ಚೆನ್ನೈಯಲ್ಲಿ ಪ್ಯಾರಿಸ್ ಎಂದರೆ ಬಂದರಿನ ಹತ್ತಿರದ ಬಸ್ ನಿಲ್ದಾಣ. ಕಂಡಕ್ಟರು ಹಾಗೇ ಕೂಗುವುದು. ನಮ್ಮವರು ಕನ್ನಡಕ ಸರಿಮಾಡಿಕೊಂಡು, "ಬೋಗಿ ಪ್ಯಾರಿಸ್‌ಗೆ ಹೋಪುದ್ರಲ್ಲಿ ಎಂತ ವಿಶೇಷ? ಸೆಂಟ್ರಲ್‌ನಿಂದ ನಡ್ಕಂಡೇ ಹೋಯ್ಲಕ್ಕಲ" ಎಂದರು, ನಡೆದೇ ಹೋಗಬಹುದಲ್ಲ ಎಂದು.

ಫಿಲ್ಮ್ ಸೊಸೈಟಿ ಎಂಬ ಲೋಕವನ್ನು ನೀವು ನೋಡಿರಬೇಕು. ಖಾದಿ ಕುರ್ತಾ, ಬಟ್ಟೆಚೀಲ, ಮುಖದಲ್ಲಿ ಅಖಿಲ ಯುರೋಪಿನ ಸುಸ್ತು. ತೆರೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡುವ ಮೊದಲೇ ನಕ್ಕು, ತಮಗೆ ಮೂಲ ಭಾಷೆಯೇ ಬರುತ್ತದೆಂದು ಅಕ್ಕಪಕ್ಕದವರಿಗೆ ತಿಳಿಸುವವರು ನಾಲ್ಕಾರು ಜನ ಇದ್ದೇ ಇರುತ್ತಾರೆ. ನಮ್ಮವರಿಗೆ ಅಷ್ಟು ಬೇಗ ಇಂಗ್ಲಿಷ್ ಓದಲು ಆಗುವುದಿಲ್ಲವಾದ್ದರಿಂದ ಎಡಗಿವಿಗೆ ನಾನು ಕನ್ನಡದಲ್ಲಿ, ಬಲಗಿವಿಗೆ ಎಳಿಲನ್ ತಮಿಳಿನಲ್ಲಿ ಕಥೆ ಸುರಿಯುತ್ತಾ ಹೋದೆವು.

ಬೋಗಿ ಪ್ಯಾರಿಸ್ಸಿನ ಒಂದು ಗಲ್ಲಿಯಲ್ಲಿ, ಬ್ರೆಡ್ ಅಂಗಡಿಯ ಬಾಗಿಲಿಗೇ ಅಡ್ಡವಾಗಿ ನಿಂತಿದೆ. ಒಳಗಿನಿಂದ ಲುಂಗಿಯಷ್ಟೇ ಸಡಿಲವಾದ ಪೈಜಾಮ ತೊಟ್ಟ ರಷ್ಯನ್ನರು ಬೇಯಿಸಿದ ಮೊಟ್ಟೆ, ಸೌತೆಕಾಯಿ ಹಿಡಿದು ಇಳಿಯುತ್ತಾರೆ. ಅವರ ಮುಖದಲ್ಲಿ ನಗುವೆಂಬುದಿಲ್ಲ; ಗುರುತಿಲ್ಲದವರನ್ನು ಕಂಡು ನಗುವವನು ಒಂದೋ ಪೆದ್ದ, ಇಲ್ಲ ಕಳ್ಳ ಎಂಬುದು ಅವರ ನಂಬಿಕೆ. ಇತ್ತ ಫ್ರೆಂಚರಿಗೋ, ಅಂಗಡಿಗೆ ಕಾಲಿಟ್ಟವನು ಮೊದಲು ನಮಸ್ಕಾರ ಹೇಳದಿದ್ದರೆ ಅವನು ಕಣ್ಣಿಗೇ ಕಾಣುವುದಿಲ್ಲ. ಹಸಿದ ಬೋಗಿಯ ಜನ ನಗದೆ, ನಮಸ್ಕರಿಸದೆ ಬ್ರೆಡ್ಡಿಗಾಗಿ ನಿಂತೇ ಇದ್ದಾರೆ, ಅಂಗಡಿಯಾಕೆ ಖಾಲಿ ಗೋಡೆಯನ್ನು ನೋಡುವಂತೆ ನೋಡುತ್ತಲೇ ಇದ್ದಾಳೆ. ಗಲ್ಲಿಯ ರಸಿಕನೊಬ್ಬ ಬೋಗಿಯಲ್ಲಿ ಚಹಾ ಕೊಡುವ ಹೆಂಗಸಿಗೆ ಒಂದು ಡಜನ್ ಗುಲಾಬಿ ತಂದರೆ, ರಷ್ಯದಲ್ಲಿ ಸರಿಸಂಖ್ಯೆಯ ಹೂವು ಹೆಣಕ್ಕೆ ಮಾತ್ರವಾದ್ದರಿಂದ, ಆಕೆ ಸತ್ತವರು ಯಾರೆಂದು ಬೋಗಿಯಿಡೀ ಹುಡುಕಿಸುತ್ತಾಳೆ. ನಮ್ಮವರಿಗೆ ಇದು ಬಹಳ ಹಿಡಿಸಿತೆಂದು ಕಾಣುತ್ತದೆ, ಕುರ್ಚಿ ಅಲುಗಾಡಿತು.

ಕೊನೆಗೂ ಒಬ್ಬ ಮುದುಕ ಪ್ರಯಾಣಿಕನಿಗೆ ಬ್ರೆಡ್ ಸಿಗುತ್ತದೆ. ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು, ಹೇಗಿದೆ ಎನ್ನುತ್ತಾಳೆ. ಅವನು ಕಣ್ಣುಮುಚ್ಚಿ ಅಗಿದು, ಇನ್ನೊಂದು ತುಂಡು ಮುರಿದು, ಅದನ್ನೂ ಮುಗಿಸಿ ಗಂಭೀರವಾಗಿ ಹೇಳುತ್ತಾನೆ: ಏನೂ ಇಲ್ಲ. ಅವನ ಭಾಷೆಯಲ್ಲಿ ಅದು ಮೆಚ್ಚುಗೆಯಂತೆ. ಆಕೆ ಅಂಗಡಿಯ ಬಾಗಿಲೆಳೆದುಕೊಂಡು ಅಳುತ್ತಾಳೆ. ತಮಾಷೆ ಏನೆಂದರೆ, ಅದೇ ಆಕೆ ಚಹಾದವಳ ಸೂಪು ಕುಡಿದು 'ಕೆಟ್ಟದ್ದಲ್ಲ' ಎಂದು ತನ್ನ ಪ್ರಕಾರ ಕಿರೀಟವನ್ನೇ ತೊಡಿಸಿರುತ್ತಾಳೆ. ಅದನ್ನು ಕೇಳಿದ ರಷ್ಯದವಳು ಸೂಪಿನ ಪಾತ್ರೆಯನ್ನೇ ಕಿಟಕಿಯಿಂದ ಹೊರಗೆ ಚೆಲ್ಲಿರುತ್ತಾಳೆ.

ಇಡೀ ಹಾಲ್ ನಕ್ಕಿತು. ನಾನು ನಗಲಿಲ್ಲ. ಶತ್ರುದೇಶಗಳಂತೆ ಮೂಗು ಮುರಿದುಕೊಳ್ಳುವ ಇವರಿಬ್ಬರೂ ಒಳ್ಳೆಯದನ್ನು ಒಳ್ಳೆಯದೆನ್ನಲು ಮಾತ್ರ ಒಂದೇ ಥರ ಒದ್ದಾಡುತ್ತಾರಲ್ಲ, ಹಾಗಾದರೆ ವ್ಯತ್ಯಾಸವಾದರೂ ಯಾವುದರದ್ದು ಎಂದು ಯೋಚಿಸುತ್ತಿದ್ದೆ. ಸಂಸ್ಕೃತಿಗಳ ನಡುವಿನ ಕಂದರ ಎಂದು ಪಂಡಿತರು ದೊಡ್ಡ ದೊಡ್ಡ ಮಾತಾಡುತ್ತಾರೆ. ಭೂಪಟವನ್ನು ಹೊಗಳಿಕೆಯ ಲೆಕ್ಕದಲ್ಲಿ ಬರೆದಿದ್ದರೆ ಕುಂದಾಪುರ ರಷ್ಯದ ಒಂದು ತಾಲ್ಲೂಕಾಗಿ ಆರಾಮವಾಗಿ ಇರುತ್ತಿತ್ತು; ನನ್ನ ಮೈಸೂರು ಎಲ್ಲಿ ಹೋಗುತ್ತಿತ್ತೋ, ಬಹುಶಃ ಉಟ್ಟದ್ದನ್ನೆಲ್ಲ ಹೊಗಳುವ ಯಾವುದೋ ಸೀರೆ ಅಂಗಡಿಯ ಪಕ್ಕದಲ್ಲಿ. ಅಷ್ಟರಲ್ಲಿ ಎಡಗಡೆಗೆ ಬಾಗಿ ನಮ್ಮವರು, "ಅವ ಹೇಳಿದ್ದು ಸರಿ ಉಂಟಲ್ಲ, ಅವಳಿಗೆ ಎಂತಕ್ಕೆ ಸಿಟ್ಟು?" ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದರು. ಅವರ ಪಾಪದ ಮುಖ ನೋಡಿ ನನಗೆ ಬೈಯಲೂ ಮನಸ್ಸಾಗಲಿಲ್ಲ.

ಚಿತ್ರ ಮುಗಿಸಿ ಗಿಂಡಿ ಬಡಾವಣೆಗೆ ಹೋದೆವು. ಅಲ್ಲಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ನಮ್ಮವರು ಮ್ಯಾನೇಜರು, ಗಲ್ಲಾದ ಮೇಲೆ ಕೂರುವುದೂ ಅವರೇ. ಅಲ್ಲಿ ಅವರನ್ನು ನೋಡಿದರೆ ಇವರೇನಾ ನಮ್ಮನೆಯವರು ಅನ್ನಿಸಬೇಕು. ಬಂದ ಗಿರಾಕಿಗೆಲ್ಲ ತಮಿಳಿನಲ್ಲಿ ವಾಂಗೊ ಸಾರ್, ಇವತ್ತಿನ ಪೊಂಗಲ್ ರೊಂಬ ಪ್ರಮಾದಂ, ಮಗಳ ಮದುವೆ ಆಯಿತಾ, ರೊಂಬ ಸಂತೋಷಂ ಎಂದು ಜೇನು ಸುರಿಸುತ್ತಾರೆ. ಪ್ರಮಾದಂ ಎಂದರೆ ತಮಿಳಿನಲ್ಲಿ ತಪ್ಪಲ್ಲ, ಬಲು ಸೊಗಸು. ನಾನು ಅದನ್ನು ವ್ಯಾಪಾರದ ನಾಲಿಗೆ ಎಂದುಕೊಂಡು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಾಲ್ವರೂ ಒಳಗಿನ ಮೇಜಿಗೆ ಕೂತೆವು. ಎಳಿಲನ್ ದೋಸೆ ತಿನ್ನುವುದನ್ನು ನಮ್ಮವರು ಕಣ್ಣಂಚಿನಲ್ಲಿ ನೋಡುತ್ತಿದ್ದರು. ಹುಡುಗ ಚಮಚ ಮುಟ್ಟಲಿಲ್ಲ, ಚಟ್ನಿಯನ್ನು ಕೊನೆಯವರೆಗೂ ಬಳಿದು ತಿಂದ, ಕೈ ಒರೆಸಿಕೊಂಡು ನೆಟ್ಟಗೆ ಕೂತ. ಸಿಂಧುವಿನ ಕಾಫಿ ಹಾಗೇ ಇತ್ತು. ಆಮೇಲೆ ಅವನು, "ಅಂಕಲ್, ಉಂಗಳುಕ್ಕು ಸಮ್ಮದಮಾ?" ಎಂದ. ನಿಮಗೆ ಒಪ್ಪಿಗೆಯೇ ಎಂದು.

"ಅಡ್ಡಿಲ್ಲೆ," ಎಂದರು ನಮ್ಮವರು.

ಹುಡುಗ ಎರಡೂ ಕೈ ಜೋಡಿಸಿದ. ರೊಂಬ ಥ್ಯಾಂಕ್ಸ್ ಅಂಕಲ್, ಎರಡೇಟಾದರೂ ಬೀಳುತ್ತದೆ ಎಂದುಕೊಂಡೇ ಬಂದಿದ್ದೆ ಎಂದು ತಮಿಳಿನಲ್ಲಿ ಹೇಳಿ ಉಸಿರುಬಿಟ್ಟ. ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ತಮಿಳಿನಲ್ಲಿ 'ಅಡಿ' ಎಂದರೆ ಏಟು. ಅಡಿ ಇಲ್ಲೆ, ಹೊಡೆಯುವುದಿಲ್ಲ, ಎಂದು ಅಭಯ ಸಿಕ್ಕಿದಂತೆ ಅವನಿಗೆ ಕೇಳಿಸಿದೆ. ಬಿಡಿಸಿ ಹೇಳಿದಾಗ ನಮ್ಮವರೂ ಹೊಟ್ಟೆ ಕುಣಿಸಿ ನಕ್ಕರು. ನಾನಂತೂ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಸಿಂಧು ನಗಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು. ಅವನಿಗೆ ಹೊಡೆಯುವುದಿಲ್ಲ ಅಂತ ಗೊತ್ತಾಯಿತು, ಅಷ್ಟು ಸಾಕಾ ಅಪ್ಪಾ, ನಾನು ಹುಟ್ಟಿದಾಗಿನಿಂದ ಒಂದು ಮಾತಿಗೆ ಕಾಯ್ತಾ ಇದ್ದೀನಿ ಎಂದು ತಮಿಳಿನಲ್ಲಿ ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ನಮ್ಮವರ ನಗು ನಿಂತಿತು. ಬಾಯಿ ತೆರೆದರು. "ಅದು ಹಾಗಲ್ಲ ಮಗಾ, ಅಡ್ಡಿಲ್ಲೆ ಅಂದ್ರೆ..." ಎಂದರು. ಅಂದರೆ ಏನೆಂದು ಹೇಳಲು ಅವರ ಕನ್ನಡದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ಜಿಪುಣ ಎಂದು ಬೈದುಕೊಂಡಿದ್ದೆನಲ್ಲ, ಮನುಷ್ಯ ಮಾತಿಗೇ ಬಡವನೆಂದು ಆಗ ಗೊತ್ತಾಯಿತು. ಸಿಂಧು ಬಾಗಿಲ ಕಡೆ ತಿರುಗಿದಳು, ಎಳಿಲನ್ ಎತ್ತ ನೋಡಬೇಕೆಂದು ತಿಳಿಯದೆ ಎಲೆ ನೋಡುತ್ತಿದ್ದ.

ಅಷ್ಟು ಹೊತ್ತಿಗೆ ಹಳೆಯ ಸಪ್ಲೈಯರ್ ಶೆಲ್ವಂ ಲೋಟ ಎತ್ತಲು ಬಂದವನು, ಈ ರಾಮಾಯಣ ಒಂದೂ ಗೊತ್ತಿಲ್ಲದೆ, ಹುಡುಗನ ಕಡೆ ಕತ್ತು ಹೊರಳಿಸಿ "ಯಾರು ಸಾರ್ ಇದು?" ಎಂದು ತಮಿಳಿನಲ್ಲಿ ಕೇಳಿದ.

ನಮ್ಮವರು ಗಲ್ಲಾದಲ್ಲಿ ಕೂತವರಂತೆ, ಯೋಚಿಸದೆ ತಿರುಗಿ ಅವನಿಗೆ ಹೇಳಿದರು: "ನಮ್ಮ ಮಾಪ್ಪಿಳ್ಳೈ. ಎನಕ್ಕು ರೊಂಬ ಪಿಡಿಚ್ಚಿರುಕ್ಕು."

ನಮ್ಮ ಅಳಿಯ. ನನಗೆ ತುಂಬಾ ಇಷ್ಟ. ಶೆಲ್ವಂ 'ಸಂತೋಷಂ ಸಾರ್' ಎಂದು ಲೋಟ ಎತ್ತಿಕೊಂಡು ಹೋದ. ಎಳಿಲನ್‌ಗೆ ಅದೊಂದು ಮಾಮೂಲಿ ತಮಿಳು ವಾಕ್ಯ, ಅದಕ್ಕೆ ನಾನು ಯಾಕೆ ಮೇಜಿನ ಅಂಚು ಹಿಡಿದುಕೊಂಡೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ನಮ್ಮವರಿಗೂ ತಾವು ಏನೋ ಹೇಳಿದೆವೆಂದು ಆಮೇಲೆಯೇ ಅರಿವಾಗಿ ಕಿವಿಯೆಲ್ಲ ಕೆಂಪಾದವು.

ಬಾಗಿಲ ತನಕ ಹೋಗಿದ್ದ ಸಿಂಧು ತಿರುಗಿ ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. "ಇನ್ನೊಂದ್ ಸಲ ಹೇಳಿ, ಅಪ್ಪ," ಎಂದಳು, ಕನ್ನಡದಲ್ಲಿ.

ಅವರು ಹೇಳಿದರು, ತಮಿಳಿನಲ್ಲೇ, ಮೊದಲಿಗಿಂತ ಮೆಲ್ಲಗೆ. ಈ ಸಲ ಹುಡುಗನ ಕಡೆ ನೋಡಲಿಲ್ಲ, ಮಗಳ ಮುಖವನ್ನೇ ನೋಡಿ ಹೇಳಿದರು.