ಪಂಚಮಿ ಆದಮ್ಯಾಲ ಸಾಲಿ

ಎರೆಹೊಲದ ಹದ ನೋಡುವುದರಲ್ಲಿ ಚಿಕ್ಕನರಗುಂದದ ತೋಟಪ್ಪನನ್ನು ಮೀರಿಸುವವರಿರಲಿಲ್ಲ. ಅದಕ್ಕೇ ಊರು ಅವನ ಮಾತು ಕೇಳುತ್ತಿತ್ತು. ೧೯೫೩ರ ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ಮಗುವೂ ಬರಲಿಲ್ಲ. ಎಲ್ಲರೂ ಬಿತ್ತಿಗೆಗೆ ಹೋಗಿದ್ದರು. ಹಜೇರಿ ವಹಿ ಹಿಡಿದು ಮಾಸ್ತರರು ಚಾವಡಿಗೇ ಬಂದರು.

“ಜೂನ್‌ದಾಗ ಸುರು ಆಗಬೇಕಂತ ಸರಕಾರದ ಕಾಯ್ದೆ ಅದರಿ.”

“ಹದ ಸರಕಾರದ ಮಾತ ಕೇಳತೈತೇನ್ರಿ?” ಎಂದ ತೋಟಪ್ಪ. “ಬಿತ್ತಗಿ ಆಗಲಿ, ಕಸಾ ತಗಿಯೂದ ಮುಗೀಲಿ. ಪಂಚಮಿ ಆದಮ್ಯಾಲ ಹೆಸರ ಬರಕೋರ್ರಿ. ಸಾಲಿ ಎಲ್ಲಿ ಓಡಿ ಹೊಕ್ಕೈತಿ?”

ಚಾವಡಿ ಗೊಳ್ಳೆಂದು ನಕ್ಕಿತು. ಸುಳ್ಳೇಕೆ, ತೋಟಪ್ಪನ ಪಕ್ಕದಲ್ಲೇ ಕೂತಿದ್ದ ನಾನೂ ನಕ್ಕೆ. ಒಬ್ಬಂಟಿ ಮಾಸ್ತರರು ಏನು ಮಾಡಿಯಾರು, ಒಪ್ಪಿದರು.

ಆದರೆ ತೋಟಪ್ಪನ ಮನೆಯಲ್ಲಿ ಒಂಬತ್ತು ವರ್ಷದ ಮಗಳು ರೇಣುಕವ್ವ ಬಳಪದಲ್ಲಿ ಬರೆಯುವ ಹೊಸ ಪಾಟಿ ಹಿಡಿದು ಕೂತಿದ್ದಳು. ಈ ವರ್ಷ ಶಾಲೆಗೆ ಹಾಕುತ್ತೇನೆಂದು ಅವನೇ ನರಗುಂದದ ಸಂತೆಯಿಂದ ತಂದದ್ದು. ಊರಿಗೊಂದು ಹೇಳಿ ತನ್ನ ಮಗಳನ್ನು ಹೇಗೆ ಕಳಿಸಿಯಾನು? “ಪಂಚಮಿ ಆಗಲಿ ಯವ್ವಾ,” ಎಂದ. ಉಂಡಿಗಲ್ಲ, ಜೋಕಾಲಿಗಲ್ಲ, ಶಾಲೆಗಾಗಿ ಪಂಚಮಿಯ ದಿನ ಎಣಿಸಿದವಳು ಊರಲ್ಲಿ ಅವಳೊಬ್ಬಳೇ.

ಪಂಚಮಿಗೆ ಕೊಣ್ಣೂರಿನಿಂದ ತೋಟಪ್ಪನ ಅಕ್ಕ ಸಿದ್ದವ್ವ ತವರಿಗೆ ಬಂದಳು. ಹೊರಡುವಾಗ ತಮ್ಮನ ಮುಂದೆ ಸೆರಗೊಡ್ಡಿದಳು.

“ರೇಣುಕಾನ್ನ ನನ್ನ ಮಗಗ ಕೊಡೋ ತಮ್ಮಾ. ಸಾಲಿಗೇನ ಹಾಕಿಲ್ಲಲ್ಲ?”

“ಇನ್ನೂ ಇಲ್ಲಕ್ಕಾ.”

“ಚಲೋ ಆತ ಬಿಡು. ಸಾಲಿಗಿ ಹೋಗಾಕಿ ಆಗಿದ್ರ ನಾ ಕೇಳತಿದ್ದಿಲ್ಲ.”

ಪಂಚಮಿಗೆ ಬಂದ ಅಕ್ಕನನ್ನು ಬರಿಯ ಸೆರಗಿನಲ್ಲಿ ಕಳಿಸುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ತೋಟಪ್ಪ ಅಕ್ಕನ ಸೆರಗಿಗೆ ಎಲೆ ಅಡಿಕೆ ಹಾಕಿ ಮಾತು ಕೊಟ್ಟ. ಮರುದಿನ ಊರ ಮಕ್ಕಳೆಲ್ಲ ಹೋಗಿ ಹೆಸರು ಬರೆಸಿದರು. ಗಂಡು ಗೊತ್ತಾದ ಹುಡುಗಿಯನ್ನು ಯಾರು ಕಳಿಸುತ್ತಾರೆ? ರೇಣುಕವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಮುಂದಿನ ಬೇಸಿಗೆಯಲ್ಲಿ ಅಕ್ಷತೆ ಬಿತ್ತು.

ಅವಳು ದೊಡ್ಡವಳಾಗಿ ಗಂಡನ ಮನೆಗೆ ಹೋದ ವರ್ಷ, ಪಂಚಮಿಗೆ ಕರೆತರಲು ತೋಟಪ್ಪ ಕೊಣ್ಣೂರಿಗೆ ಹೋದ. ಜೊತೆಗೆ ನಾನಿದ್ದೆ. ಮಗಳು ಕೊಡದ ಮುಚ್ಚಳ ತೆಗೆದು ತಂಬಿಗೆಯಲ್ಲಿ ನೀರು ಕೊಟ್ಟಳು. ಮುಚ್ಚಳ ಅದೇ ಪಾಟಿ.

“ಇನ್ನೂ ಇಟ್ಟಿ ಏನವ್ವಾ ಇದನ್ನ?”

ಪಾಪ, ಅಪ್ಪ ಬೈಯುತ್ತಾನೆಂದು ತಿಳಿದಳೋ ಏನೋ, ಸೆರಗಿನಿಂದ ಅದನ್ನು ಒರೆಸಿ ತೋರಿಸಿದಳು.

“ಒಡದಿಲ್ಲ ಯಪ್ಪಾ. ಒಂದ ಗೀರೂ ಬಿದ್ದಿಲ್ಲ ನೋಡು.”

ತೋಟಪ್ಪ ಬೀಗರ ಮನೆಯೆಂಬುದನ್ನೂ ಮರೆತು ಅತ್ತುಬಿಟ್ಟ. ಆ ನೀರು ಅವನಿಂದ ಕುಡಿಯಲಾಗಲಿಲ್ಲ.