ಹಿಂದಿನ ಹಲಗೆಯ ಮೇಲೆ ಎರಡು ಏಟು

ದೆವ್ವ, ಪಿಶಾಚಿ ಎಂದು ಯಾರಾದರೂ ಬಾಯಿ ತೆರೆದರೆ ಆ ಬಾಯಿ ಮುಚ್ಚಿಸುವವರಲ್ಲಿ ನಾನೇ ಮೊದಲಿಗ. ಬಂಬೈಯ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದಾಗ ಜೊತೆಯವರು ಅಂಥ ಕತೆ ಶುರು ಮಾಡಿದರೆ, “ಹೊಟ್ಟೆ ಸರಿ ಇಲ್ಲ ನಿಮಗೆ, ಒಂದು ಲೋಟ ಮಜ್ಜಿಗೆ ಕುಡಿದು ಬಿದ್ದುಕೊಳ್ಳಿ” ಎನ್ನುತ್ತಿದ್ದೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬಲೇಬೇಕು ಎಂದು ಕೇಳುವ ಮುಖ ನನಗಿಲ್ಲ. ನಡೆದದ್ದು ಕತ್ತಲಲ್ಲೂ ಅಲ್ಲ, ಸ್ಮಶಾನದಲ್ಲೂ ಅಲ್ಲ. ಪವಾಯಿಯಲ್ಲಿ, ನೆತ್ತಿ ಸುಡುವ ಮಧ್ಯಾಹ್ನದಲ್ಲಿ.

ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷವಾಗಿತ್ತು. ನನಗಾಗ ನಲವತ್ತಮೂರು. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು ಎದೆಯೊಳಗೆಲ್ಲ ಹೊಗೆ ತುಂಬಿ, ಕೆಮ್ಮಲು ಶುರು ಮಾಡಿದರೆ ಗಿರಾಕಿಗಳು ತಟ್ಟೆ ಬಿಟ್ಟು ತಿರುಗಿ ನೋಡುವ ಹಾಗಾಗಿತ್ತು. ಹೊಗೆ ಬಿಡದಿದ್ದರೆ ನಿನ್ನನ್ನು ಅದು ಬಿಡುವುದಿಲ್ಲ ಎಂದರು ಡಾಕ್ಟರು. ವಿಲೆ ಪಾರ್ಲೆಯ ಚಾಳಿನ ಒಂದು ಕೋಣೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ದೋಸೆ ಬಿಟ್ಟು ನನಗೆ ಬೇರೇನು ಬರುತ್ತಿತ್ತು? ಆಗ ಹೋಟೆಲಿಗೆ ದಿನಾ ಬರುತ್ತಿದ್ದ ಲಾರಿ ಮಾಲೀಕರೊಬ್ಬರು, “ಭಾರಿ ಗಾಡಿಯ ಲೈಸೆನ್ಸ್ ತಗೊಂಡು ಬನ್ನಿ, ದೀಪಾವಳಿ ಒಳಗೆ ಬಂದ್ರೆ ನಿಮಗೊಂದು ಲಾರಿ ಉಂಟು” ಎಂದರು. ಲೈಸೆನ್ಸ್ ಸಿಕ್ಕರೆ ಬಂಬೈ, ಇಲ್ಲದಿದ್ದರೆ ಹೆಂಡತಿ ಮಕ್ಕಳು ಊರಿನ ಬಸ್ಸು ಹತ್ತಬೇಕು. ಲೆಕ್ಕ ಅಷ್ಟೇ ಇತ್ತು.

ನನಗೆ ಕಲಿಸಿದವರು ಹಮೀದ್ ಉಸ್ತಾದರು. ಮಂಗಳೂರು ಕಡೆಯವರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಆದರೂ ಸ್ಟೇರಿಂಗ್ ಕಲಿಸುವವರು ಉಸ್ತಾದರೇ. ನಾನು ಭಟ್ಟನಲ್ಲ, ಆದರೆ ಹೋಟೆಲಿನ ಒಲೆ ಮುಂದೆ ನಿಂತವರೆಲ್ಲ ಅವರಿಗೆ ಭಟ್ಟರೇ. “ಎಂತ ಭಟ್ರೆ, ಸ್ಟೇರಿಂಗನ್ನು ದೋಸೆ ತಿರುಗಿಸಿದ ಹಾಗೆ ತಿರುಗಿಸ್ತೀರಲ್ಲ ಮಾರಾಯ್ರೆ!” ಎಂದು ದಿನಕ್ಕೆ ಹತ್ತು ಸಲ ಬೈಯುತ್ತಿದ್ದರು. ಪವಾಯಿ ಕೆರೆಯ ಆಚೆ ಒಂದು ಕಲ್ಲಿನ ಕೋರೆ, ಕಲ್ಲು ಒಡೆದು ತೆಗೆದ ದೊಡ್ಡ ಹೊಂಡ, ಇತ್ತು. ಕೂಲಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ ಅಲ್ಲಿಯ ಬಯಲಿನಲ್ಲಿ ನನ್ನ ಪಾಠ.

ಮುಂದೆ ಹೋಗುವುದು ಒಂದು ತಿಂಗಳಲ್ಲಿ ಬಂತು. ಹಿಂದೆ ಹೋಗುವುದೇ ಬರಲಿಲ್ಲ. ಆ ಹಳೇ ಲಾರಿಗೆ ಇದ್ದದ್ದು ಒಂದೇ ಕನ್ನಡಿ, ಅದೂ ಒಡೆದದ್ದು. ಹಿಂದೆ ನಿಂತವರು ಲಾರಿಯ ಹಿಂಬದಿಯ ಹಲಗೆ ತಟ್ಟಿ ಹೇಳುವುದೇ ಲಾರಿಯವರ ಪದ್ಧತಿ. ಎರಡು ಏಟು ಹೊಡೆದರೆ ಬಾ, ಒಂದೇ ಏಟು ಹೊಡೆದರೆ ನಿಲ್ಲು. “ಹಿಂದೆ ಹೋಗುವಾಗ ನಿಮ್ಮ ಕಣ್ಣು ನಿಮ್ಮ ತಲೆಯಲ್ಲಿಲ್ಲ ಭಟ್ರೆ, ನನ್ನ ಕೈಯಲ್ಲಿ ಉಂಟು. ಕೈ ಹೇಳಿದ್ದು ಕೇಳಿ,” ಎನ್ನುತ್ತಿದ್ದರು ಉಸ್ತಾದರು. ಅವರ ಬಲಗೈಯಲ್ಲಿ ದಪ್ಪ ಬೆಳ್ಳಿಯ ಉಂಗುರವಿತ್ತು. ಹಲಗೆಯ ಅಂಚಿನ ಕಬ್ಬಿಣದ ಪಟ್ಟಿಗೆ ಅದು ತಾಗಿ ಪ್ರತಿ ಸಲವೂ ಏಟುಗಳ ಕೊನೆಯಲ್ಲಿ ಟಣ್ ಎನ್ನುತ್ತಿತ್ತು. ಆ ಟಣ್ ಕೇಳಿದರೆ ಸಾಕು, ನನಗೆ ಧೈರ್ಯ.

ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಅವತ್ತು ಉಸ್ತಾದರು ಹಿಂದಕ್ಕೆ ಹೋದರು, ನಾನು ರಿವರ್ಸ್ ಹಾಕಿದೆ. ಥಪ್ ಥಪ್, ಟಣ್. ಮೆಲ್ಲಗೆ ಕ್ಲಚ್ ಬಿಟ್ಟೆ. ಮತ್ತೆ ಥಪ್ ಥಪ್, ಟಣ್. ಲಾರಿ ಮೊದಲ ಸಲ ಸೊಟ್ಟಗಾಗದೆ ಗೆರೆ ಎಳೆದ ಹಾಗೆ ಹಿಂದೆ ಹೋಗುತ್ತಿತ್ತು. ಅಬ್ಬ, ಗೆದ್ದೆ ಎನ್ನಿಸಿತು. ಏಟುಗಳು ಸ್ವಲ್ಪ ಬೇಗ ಬೇಗ ಬೀಳತೊಡಗಿದವು. ಉಸ್ತಾದರಿಗೂ ಖುಷಿಯಾಗಿರಬೇಕು ಎಂದುಕೊಂಡು ನಾನೂ ಬೇಗ ಹೋದೆ.

ಆಗ ಎದುರಿನ ಗಾಜಿನಲ್ಲಿ ಒಬ್ಬ ಮನುಷ್ಯ ಓಡಿ ಬರುವುದು ಕಂಡಿತು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈ ಮೇಲೆತ್ತಿ ಬೀಸುತ್ತಿದ್ದಾನೆ, ಬಾಯಿ ದೊಡ್ಡದಾಗಿ ತೆರೆದಿದೆ. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳುತ್ತಿಲ್ಲ. ಯಾರೋ ಕೂಲಿಯವನು ಎಂದುಕೊಂಡೆ. ಹತ್ತಿರ ಬಂದಾಗ ಗುರುತಾಯಿತು. ಹಮೀದ್ ಉಸ್ತಾದರು.

ಹಿಂದಿನಿಂದ ಥಪ್ ಥಪ್, ಟಣ್.

ಬ್ರೇಕ್ ಎಲ್ಲಿದೆ ಎಂಬುದೇ ಮರೆತುಹೋಯಿತು. ಎರಡೂ ಕಾಲಿಗೆ ಸಿಕ್ಕಿದ್ದನ್ನು ಒತ್ತಿದೆ. ಲಾರಿ ಜಗ್ಗಿ ನಿಂತಿತು, ಇಂಜಿನ್ನೂ ಸತ್ತಿತು. ಉಸ್ತಾದರು ಬಂದು ನನ್ನ ಬಾಗಿಲಿಗೆ ಕೈಯಿಟ್ಟು ಏದುಸಿರು ಬಿಡುತ್ತಾ, “ನೀರು ಕುಡಿದು ಬರ್ತೇನೆ, ನಿಲ್ಲಿ ಅಂತ ಕೂಗಿ ಹೇಳಿ ಹೋದೆನಲ್ಲ! ಯಾರನ್ನು ಕೇಳಿ ಹಿಂದೆ ಬಂದ್ರಿ?” ಎಂದರು.

ನಾನು ಹಿಂದಕ್ಕೆ ಬೆರಳು ತೋರಿಸಿದೆ. ಅಷ್ಟರಲ್ಲಿ ಇನ್ನೊಮ್ಮೆ ಬಿತ್ತು. ಥಪ್ ಥಪ್, ಟಣ್. ಉಸ್ತಾದರಿಗೂ ಕೇಳಿಸಿತು. ಅವರು ಹಿಂದಕ್ಕೆ ನೋಡಲಿಲ್ಲ. ಬಾಗಿಲ ಮೇಲಿದ್ದ ತಮ್ಮ ಬಲಗೈಯನ್ನೇ ನೋಡಿದರು, ಉಂಗುರವನ್ನು.

ಇಬ್ಬರೂ ಸೇರಿ ಹಿಂದಕ್ಕೆ ಹೋದೆವು. ಒಬ್ಬರೇ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎಡಗಡೆಯ ಹಿಂಚಕ್ರ ಕೋರೆಯ ಬಾಯಿಯಲ್ಲಿ ಅರ್ಧ ಗಾಳಿಯಲ್ಲಿತ್ತು. ಕೆಳಗೆ ಎರಡು ತೆಂಗಿನ ಮರದಷ್ಟು ಆಳ, ತಳದಲ್ಲಿ ಹಸಿರು ನೀರು. ಹಲಗೆಯ ಆಚೆ ಒಬ್ಬ ಮನುಷ್ಯ ನಿಲ್ಲಲು ನೆಲವೇ ಇರಲಿಲ್ಲ. ಹಲಗೆಯ ಮೇಲೆ ಕಲ್ಲಿನ ಪುಡಿ ಹಿಟ್ಟಿನ ಹಾಗೆ ಕೂತಿತ್ತು. ಅದರ ಮೇಲೆ ಒಂದು ಬೆರಳಿನ ಗುರುತೂ ಇಲ್ಲ.

ಅಲ್ಲಿ ಯಾರೋ ಸತ್ತಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ಕೋರೆಯ ಹಳಬರನ್ನೆಲ್ಲ ಕೇಳಿದೆ. ಯಾರೂ ಸತ್ತಿರಲಿಲ್ಲ. ಸತ್ತಿದ್ದರೆ ನನಗೆ ಒಂದು ಥರ ಸಮಾಧಾನವಾದರೂ ಆಗುತ್ತಿತ್ತು.

ಉಸ್ತಾದರು ಅವತ್ತೇ ಉಂಗುರ ತೆಗೆದರು. “ಭಟ್ರೆ, ಇದನ್ನು ಯಾರ ಹತ್ರವೂ ಹೇಳ್ಬೇಡಿ. ನನ್ನ ಹೊಟ್ಟೆಪಾಡು ಕೂಡ ಇದೇ ಅಲ್ವಾ?” ಎಂದರು. ಆ ರಾತ್ರಿ ಹೆಂಡತಿಗೆ, ಲಾರಿ ನನ್ನಿಂದಾಗದು, ಊರಿಗೆ ಹೊರಡಿ ಎನ್ನಬೇಕೆಂದು ಬಾಯಿ ತೆರೆದೆ. ಅವಳು ಪರೀಕ್ಷೆಗೆಂದು ನನ್ನ ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಆ ಮಾತು ಬಿಟ್ಟು ದೀಪವನ್ನು ಅವಳ ಹತ್ತಿರಕ್ಕೆ ಸರಿಸಿದೆ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ನನ್ನ ಪಕ್ಕ ಕೂತರು. ಉಸ್ತಾದರನ್ನು ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಹಿಂದೆ ತಟ್ಟುವವರು ಯಾರೂ ಇಲ್ಲ. “ಪೀಛೇ ಲೋ,” ಹಿಂದಕ್ಕೆ ತಗೋ, ಎಂದರು. ಗೇರ್ ಹಾಕಿದೆ, ಅಷ್ಟರಲ್ಲಿ ಬಿತ್ತು. ಥಪ್ ಥಪ್, ಟಣ್.

ಮರದ ಕೆಳಗೆ ಉಸ್ತಾದರು ಕೈಕಟ್ಟಿ ನಿಂತಿದ್ದರು. ಬೆರಳಲ್ಲಿ ಉಂಗುರವಿರಲಿಲ್ಲ. ಇನ್‌ಸ್ಪೆಕ್ಟರಿಗೆ ಏನೂ ಕೇಳಿಸಿದಂತಿರಲಿಲ್ಲ. “ಕ್ಯಾ ಹುವಾ? ಚಲೋ!” ಎಂದು ಗದರಿದರು. ಹೋದರೆ ಹೋಗಲಿ ಲೈಸೆನ್ಸು ಎಂದು ಇಂಜಿನ್ ನಿಲ್ಲಿಸಿ ಕೆಳಗಿಳಿದು ಹಿಂದಕ್ಕೆ ಹೋದೆ. ಚಕ್ರದಿಂದ ಒಂದು ಗೇಣು ಆಚೆ ಮುದುಕ ಪ್ಯೂನೊಬ್ಬ ಕುಕ್ಕುರುಗಾಲಿನಲ್ಲಿ ಕೂತು, ಬೆನ್ನು ಹಾಕಿ, ನೆಲಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ. ಅವನಿಗೆ ಕಿವಿ ಮಂದ. ತಟ್ಟಿದ್ದು ಅವನಲ್ಲ, ಅವನ ಎರಡೂ ಕೈ ಸುಣ್ಣದಲ್ಲಿದ್ದವು.

ಇನ್‌ಸ್ಪೆಕ್ಟರ್ ಇಳಿದು ನೋಡಿ ಬಿಳಿಚಿಕೊಂಡರು. ಆಮೇಲೆ ನನ್ನ ಬೆನ್ನು ತಟ್ಟಿ, “ಉತರ್ ಕೇ ದೇಖಾ, ಬಹುತ್ ಅಚ್ಛಾ ಕಿಯಾ,” ಇಳಿದು ನೋಡಿದ್ದು ಬಹಳ ಒಳ್ಳೆಯದಾಯಿತು, ಎಂದು ಅಲ್ಲೇ ಕಾಗದಕ್ಕೆ ಸಹಿ ಹಾಕಿದರು.

ಹದಿನೆಂಟು ವರ್ಷ ಲಾರಿ ಓಡಿಸಿದೆ. ಹಿಂದೆ ಹೋಗುವ ಮೊದಲು ಪ್ರತಿ ಸಲ ಇಳಿದು ನೋಡಿದೆ. ಬೇರೆ ಡ್ರೈವರುಗಳು ನಕ್ಕರು, ನಗಲಿ. ಆ ಸದ್ದು ಮತ್ತೆ ಬರಲಿಲ್ಲ. ಬರುತ್ತದೆ ಎಂಬ ಹೆದರಿಕೆ ಮಾತ್ರ ಒಂದು ದಿನವೂ ಬಿಡಲಿಲ್ಲ. ಎರಡು ಸಲವೂ ಅದು ಹೇಳಿದ್ದು ಒಂದೇ ಮಾತು, ಬಾ ಎಂದು. ಒಂದು ಸಲ ನನ್ನನ್ನು ಸಾವಿಗೆ ಕರೆಯಿತು, ಇನ್ನೊಂದು ಸಲ ನನ್ನ ಕೈಯಿಂದ ಆ ಮುದುಕನನ್ನು ಕೊಲ್ಲಿಸಲು. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೆಂಡತಿಗೆ ಈವರೆಗೂ ಹೇಳಿಲ್ಲ. ಮಕ್ಕಳು ಓದಿದ್ದು, ಮದುವೆಯಾದದ್ದು ಎಲ್ಲ ಆ ಲೈಸೆನ್ಸಿನಿಂದಲೇ ಎಂದು ಅವಳು ದಸರೆಗೆ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತಾಳೆ. ಅದನ್ನು ನನಗೆ ಕೊಡಿಸಿದ್ದು ಯಾವ ಕೈ ಎಂದು ಅವಳಿಗೆ ನಾನು ಹೇಗೆ ಹೇಳಲಿ?